ಬೃಂದಾವನ: ಕಾಡಿನ ಹೆಸರು ಹೊತ್ತ ಪೀಠ

ಆದೋನಿಯಿಂದ ಉತ್ತರಕ್ಕೆ ತುಂಗಭದ್ರೆಯ ದಂಡೆಯವರೆಗಿನ ಸೀಮೆಯಲ್ಲಿ ಬೃಂದಾವನ ಎಂಬ ಶಬ್ದ ಕೇಳದ ದಿನವಿಲ್ಲ. ಮಂತ್ರಾಲಯಕ್ಕೆ ಹೊರಟವರು ರಾಯರ (ರಾಘವೇಂದ್ರ ಸ್ವಾಮಿಗಳ) ದರ್ಶನಕ್ಕೆ ಹೋಗುತ್ತೇವೆ ಎನ್ನುತ್ತಾರೆ. ಆದರೆ ಗರ್ಭಗುಡಿಯಲ್ಲಿ ಅವರ ಕಣ್ಣಿಗೆ ಬೀಳುವುದು ಮನುಷ್ಯರೂಪದ ಮೂರ್ತಿಯಲ್ಲ, ಬೃಂದಾವನ. ಶಬ್ದವನ್ನು ಬಿಡಿಸಿ ನೋಡಿದರೆ ಅದು ಬೃಂದೆಯ ವನ, ಅಂದರೆ ತುಳಸಿಯ ತೋಪು. ಎದುರಿಗೆ, ಯತಿಯ ಸಮಾಧಿಯ ಮೇಲೆ, ನಿಂತಿರುವುದೋ ಕಲ್ಲು: ಕೆಳಗೆ ಅಗಲ, ನಡು ಸಣ್ಣ, ಮೇಲೆ ಮತ್ತೆ ಅಗಲವಾಗಿ ಚಾಚಿಕೊಂಡ ಚೌಕ ಪೀಠ. ತೋಪಿನ ಹೆಸರು ಪೀಠಕ್ಕೆ ಬಂದದ್ದು ಹೇಗೆ? ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ಕೃಷ್ಣ ವಿಹರಿಸಿದ ವೃಂದಾವನದ ನೆನಪಿನಿಂದ ಬಂತು ಎನ್ನುವುದು ಒಂದು. ಸಮಾಧಿ ಎನ್ನಲು ನಾಲಿಗೆ ಹಿಂಜರಿದಾಗ ಹುಟ್ಟಿದ ಗೌರವದ ಮಾತು ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ, ಎರಡೂ ಸಾಲವು. ಈ ಶಬ್ದ ಕನ್ನಡದಲ್ಲಿ ಮೊದಲು ತುಳಸಿಯನ್ನು ಹೊತ್ತ ಪೀಠದ ಹೆಸರಾಯಿತು, ಆ ಪೀಠದ ಆಕಾರದ ಮೂಲಕವೇ ಯತಿಗಳ ಸಮಾಧಿಗೆ ದಾಟಿತು ಎಂಬುದು ನನ್ನ ವಾದ. ಅಂದರೆ ಇದನ್ನು ಭಕ್ತಿಯ ಶಬ್ದವೆಂದು ಓದುವ ಮೊದಲು ವಾಸ್ತುವಿನ ಶಬ್ದವೆಂದು ಓದಬೇಕು.

ಈ ವಾದಕ್ಕೆ ಆದೋನಿ ಸೀಮೆಯಷ್ಟು ಒಳ್ಳೆಯ ನೆಲ ಬೇರೆ ಸಿಗುವುದು ಕಷ್ಟ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಗಡಿರೇಖೆ ಬದಲಾದರೂ ಮನೆಗಳಲ್ಲಿ ಕನ್ನಡ ತೆಲುಗು ಎರಡೂ ಉಳಿದವು. ಪೇಟೆಯಲ್ಲಿ ಅವುಗಳ ಜೊತೆಗೆ ಉರ್ದುವೂ ಉಂಟು. ಹೀಗೆ ಎರಡು ಭಾಷೆ ಒಂದೇ ಅಂಗಳದಲ್ಲಿ ಬದುಕುವ ಕಡೆ ಶಬ್ದಗಳ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಹಿತ್ತಿಲಲ್ಲೋ ಅಂಗಳದಲ್ಲೋ ತುಳಸಿ ನೆಟ್ಟ ಕಟ್ಟಡವನ್ನು ಕನ್ನಡದವರು ತುಳಸಿಕಟ್ಟೆ ಎನ್ನುತ್ತಾರೆ, ಬೃಂದಾವನ ಎಂದೂ ಎನ್ನುತ್ತಾರೆ. ತೆಲುಗಿನವರಿಗೆ ಅದು ತುಳಸಿಕೋಟ. ತಮಿಳಿನಲ್ಲಿ ತುಳಸಿಮಾಡಂ, ಮಲಯಾಳದಲ್ಲಿ ತುಳಸಿತ್ತರ, ಮರಾಠಿಯಲ್ಲಿ ತುಳಶಿ ವೃಂದಾವನ. ಒಂದೊಂದು ಭಾಷೆ ಆ ಕಟ್ಟಡದಲ್ಲಿ ಒಂದೊಂದನ್ನು ಕಂಡಿದೆ. ತರ ಎಂದರೆ ನೆಲದಿಂದ ಎತ್ತರಿಸಿದ ಜಗಲಿ. ಮಾಡ ಎಂದರೆ ಅಂತಸ್ತಿನ ಮನೆ, ಗೂಡು. ಕಟ್ಟೆ ಎಂದರೆ ಕಟ್ಟಿದ್ದು. ಕೆರೆಯ ಕಟ್ಟೆಯೂ ಅಶ್ವತ್ಥಕಟ್ಟೆಯೂ ಅದೇ ಕ್ರಿಯೆಯಿಂದ ಬಂದವು. ಕೋಟ ಎಂದರೆ ಕೋಟೆಯೇ. ಪೀಠದ ಮೇಲಂಚಿನ ನಾಲ್ಕು ಮೂಲೆಗಳಲ್ಲಿ ಎದ್ದುನಿಂತ ಎಲೆಯಾಕಾರದ ಕೊನೆಗಳನ್ನು ನೋಡಿದವರಿಗೆ, ಅದರಲ್ಲೂ ಆದೋನಿಯ ಬೆಟ್ಟದ ಕೋಟೆಯನ್ನು ದಿನವೂ ನೋಡುವವರಿಗೆ, ತೆನೆಗಳುಳ್ಳ ಗೋಡೆ ನೆನಪಾಗುವುದು ಸಹಜ. ಇವೆಲ್ಲವೂ ಕಟ್ಟಡದ ಹೆಸರುಗಳು. ಬೃಂದಾವನ ಒಂದೇ ಗಿಡದ ಕಡೆಯಿಂದ ಬಂದ ಹೆಸರು.

ಇಲ್ಲಿಯೇ ಮೊದಲ ಸಾಕ್ಷ್ಯವಿದೆ. ಮಂತ್ರಾಲಯದ ಪೀಠವನ್ನು ತೆಲುಗಿನವರೂ ಬೃಂದಾವನಂ ಎಂದೇ ಕರೆಯುತ್ತಾರೆ. ಮನೆಯಂಗಳದ್ದನ್ನು ಮಾತ್ರ ಕೋಟ ಎನ್ನುತ್ತಾರೆ. ರಾಯರ ಮತದವರಾದ ತಮಿಳು ಮಾಧ್ವರಲ್ಲಿಯೂ ಹೀಗೆಯೇ: ಯತಿಗಳದ್ದು ಬೃಂದಾವನಂ, ಮನೆಯದ್ದು ಮಾಡಂ. ಆ ಭಾಷೆಗಳಲ್ಲಿ ಎರಡು ವಸ್ತುವಿಗೆ ಎರಡು ಶಬ್ದ. ಕನ್ನಡದಲ್ಲಿ ಒಂದೇ ಶಬ್ದ ಎರಡನ್ನೂ ಹೊರುತ್ತದೆ. ಉತ್ಥಾನ ದ್ವಾದಶಿಯಂದು ಹೆಂಗಸರು ದೀಪವಿಡುವುದು ಬೃಂದಾವನಕ್ಕೆ, ಗುರುವಾರ ಪ್ರದಕ್ಷಿಣೆ ಹಾಕುವುದೂ ಬೃಂದಾವನಕ್ಕೆ. ಒಂದು ಅರ್ಥ ಇನ್ನೊಂದಕ್ಕೆ ದಾಟಿದ್ದು ಎರಡೂ ಅರ್ಥಗಳು ಒಂದೇ ಬಾಯಲ್ಲಿ ಇದ್ದ ಕಡೆಯಲ್ಲೇ ಆಗಿರಬೇಕು. ದಾಟಿ ಮುಗಿದ ಮೇಲೆ ನೆರೆಯವರು ಹೊಸ ಅರ್ಥವನ್ನಷ್ಟೇ ಕಡ ತಂದುಕೊಳ್ಳುತ್ತಾರೆ, ಮನೆಯ ಹಳೆಯ ಶಬ್ದವನ್ನು ಬಿಟ್ಟುಕೊಡುವುದಿಲ್ಲ. ತೆಲುಗು ತಮಿಳುಗಳಲ್ಲಿ ಆಗಿರುವುದು ಇದು. ಗ್ರಂಥಸ್ಥ ತೆಲುಗಿನಲ್ಲಿ ತುಳಸೀ ಬೃಂದಾವನಂ ಎಂಬ ಪ್ರಯೋಗ ಇದೆಯಲ್ಲ ಎಂದು ಕೇಳಬಹುದು. ಇದೆ; ಆದರೆ ಅಂಗಳ ಸಾರಿಸುವ ಕೈಗಳ ಮಾತು ಕೋಟ. ಮನೆವಸ್ತುವಿನ ಹೆಸರಿನ ಇತಿಹಾಸ ಹುಡುಕುವಾಗ ಪುಸ್ತಕದ ಮಾತಿಗಿಂತ ಆ ಕೈಗಳ ಮಾತಿಗೆ ಹೆಚ್ಚು ಬೆಲೆ ಕೊಡಬೇಕು. ಹಳೆಯ ಬೃಂದಾವನಗಳ ನೆಲೆಗಳೂ ಇದಕ್ಕೆ ಒತ್ತಾಸೆಯಾಗಿವೆ. ಆನೆಗೊಂದಿಯ ನಡುಗಡ್ಡೆ, ಜಯತೀರ್ಥರ ಮಳಖೇಡ, ವಾದಿರಾಜರ ಸೋದೆ, ಎಲ್ಲವೂ ಕನ್ನಡದ ಒಳಗೆ ಅಥವಾ ಕನ್ನಡ ಮರಾಠಿ ಬೆರೆಯುವ ನೆಲದಲ್ಲಿವೆ.

ಶಬ್ದದ ಉಚ್ಚಾರ ನಮಗೆ ಇಷ್ಟು ನೆರವಾಗುವುದಿಲ್ಲ. ಸಂಸ್ಕೃತದ ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ಕೇಶಿರಾಜನ ಕಾಲಕ್ಕಾಗಲೇ ಹಳೆಯ ರೂಢಿ: ವಸತಿ ಬಸದಿಯಾಯಿತು, ವರ್ಣ ಬಣ್ಣವಾಯಿತು, ವನ ಬನವಾಯಿತು. ವೃಂದಾವನದ ಮೊದಲ ಅಕ್ಷರ ಹಾಗೆಯೇ ಬದಲಾಯಿತು. ಒಳಗಿನ ವನ ಪದದ ನಡುವೆ ಸಿಕ್ಕಿದ್ದರಿಂದ ವನವಾಗಿಯೇ ಉಳಿಯಿತು. ಆದರೆ ಪೂರ್ತಿ ತದ್ಭವವಾಗಿದ್ದರೆ ಋಕಾರ ಉಳಿಯುತ್ತಿರಲಿಲ್ಲ. ವೃತ್ತ ಎಂಬುದು ಬಟ್ಟ ಆದ ಹಾಗೆ ಇದೂ ತೇಯ್ದು ಹೋಗಬೇಕಿತ್ತು. ಹೋಗಲಿಲ್ಲ. ಮನೆಮಾತಿನ ಬಳಕೆ ಶಬ್ದವನ್ನು ಸವೆಸುತ್ತಿದ್ದಾಗ ಪೂಜೆಯ ಮಂತ್ರ ಅದನ್ನು ಹಿಡಿದು ನಿಲ್ಲಿಸಿತು ಎಂದು ತೋರುತ್ತದೆ. ತೆಲುಗಿನಲ್ಲೂ ಇದೇ ಬಕಾರವಿರುವುದರಿಂದ ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಧ್ವನಿ ತೀರ್ಮಾನಿಸಲಾರದು. ತೀರ್ಮಾನ ಅರ್ಥದ ಹರವಿನಿಂದ ಬರಬೇಕು, ಮತ್ತು ವಸ್ತುವಿನ ಆಕಾರದಿಂದ.

ಆಕಾರವನ್ನು ನೋಡೋಣ. ಮಾನಸಾರ, ಮಯಮತದಂಥ ಶಿಲ್ಪಗ್ರಂಥಗಳು ದೇಗುಲದ ಗೋಡೆಗಿಂತ ಮೊದಲು ಅದು ನಿಲ್ಲುವ ಪೀಠವನ್ನು ವರ್ಣಿಸುತ್ತವೆ. ಕೆಳಗೆ ಬೇಕಿದ್ದರೆ ಉಪಪೀಠ, ಅದರ ಮೇಲೆ ಅಧಿಷ್ಠಾನ. ಅಧಿಷ್ಠಾನದಲ್ಲಿ ಥರದ ಮೇಲೆ ಥರ: ನೆಲಕ್ಕೆ ತಾಗುವ ಉಪಾನ, ಅದರ ಮೇಲೆ ನೇರವಾದ ಜಗತಿ, ಉಬ್ಬಿದ ಕುಮುದ, ಒಳಸರಿದ ಕಂಠ, ಮೇಲೆ ಚಾಚಿದ ಪಟ್ಟಿಕೆ ಅಥವಾ ಕಪೋತ. ಇಷ್ಟನ್ನೇ ಕುಗ್ಗಿಸಿ ಒಂಟಿಯಾಗಿ ನಿಲ್ಲಿಸಿದರೆ ದೇಗುಲದ ಎದುರಿನ ಬಲಿಪೀಠವಾಗುತ್ತದೆ. ಅದರ ನೆತ್ತಿಯ ಮೇಲೆ ಪದ್ಮ. ಪದ್ಮದ ಜಾಗದಲ್ಲಿ ಮಣ್ಣು ತುಂಬುವ ಕುಳಿ ತೋಡಿ ತುಳಸಿ ನೆಟ್ಟರೆ ಅಂಗಳದ ಬೃಂದಾವನ. ಅದನ್ನೇ ದೊಡ್ಡದು ಮಾಡಿ, ಕಂಠದ ಭಾಗವನ್ನು ಎತ್ತರಿಸಿ, ನಾಲ್ಕೂ ಮುಖಗಳಲ್ಲಿ ದೇವತಾಮೂರ್ತಿಗಳನ್ನು ಬಿಡಿಸಿದರೆ ಆನೆಗೊಂದಿಯಲ್ಲಿ ಕಾಣುವ ಯತಿಬೃಂದಾವನ. ಒಂದರಿಂದ ಒಂದು ಬಂತು ಎನ್ನಲು ಕಾಲಾನುಕ್ರಮದ ಸರಪಳಿ ಬೇಕು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವೇ. ನಾನು ಹೇಳುವುದು ವಂಶಾವಳಿಯಲ್ಲ, ಒಂದೇ ವ್ಯಾಕರಣ. ಮೂರೂ ಕಡೆ ಕಲ್ಲುಕುಟಿಗ ಮಾಡುವುದು ಮೇಲೊಂದು ಬಂದು ನಿಲ್ಲಲಿ ಎಂದು ಕಾಯುವ ಪೀಠವನ್ನು. ಆ ಮೇಲಿನದು ಯಾವುದು ಎಂಬುದರ ಮೇಲೆ ಪೀಠದ ಹೆಸರು ನಿಂತಿದೆ: ಬಲಿ ಬಿದ್ದರೆ ಬಲಿಪೀಠ, ಬೃಂದೆ ನಿಂತರೆ ಬೃಂದಾವನ.

ಬೃಂದೆ ಬರಿಯ ಗಿಡವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಜಲಂಧರನ ಹೆಂಡತಿ ವೃಂದೆ ವಿಷ್ಣುವಿನಿಂದ ವಂಚಿತಳಾಗಿ ಬೆಂಕಿ ಹೊಕ್ಕ ಕಥೆ ಪದ್ಮಪುರಾಣದ ಕಾರ್ತಿಕ ಮಾಹಾತ್ಮ್ಯದಲ್ಲಿ ಬರುತ್ತದೆ. ವಿಷ್ಣು ಅವಳ ಬೂದಿಯ ಬಳಿಯಿಂದ ಕದಲುವುದಿಲ್ಲ. ದೇವಿಯರು ಕೊಟ್ಟ ಬೀಜಗಳನ್ನು ಅಲ್ಲಿ ಬಿತ್ತಿದಾಗ ನೆಲ್ಲಿ, ಮಾಲತಿ, ತುಳಸಿ ಮೂರೂ ಹುಟ್ಟುತ್ತವೆ. ಕಾರ್ತಿಕದ ಉತ್ಥಾನ ದ್ವಾದಶಿಯಂದು ತುಳಸಿಯ ಪಕ್ಕ ನೆಲ್ಲಿಯ ಕೊಂಬೆ ನೆಡುವ ನಮ್ಮ ಪದ್ಧತಿಗೆ ಈ ಕಥೆಯ ನಂಟಿದೆ. ಈ ಕಥೆಯನ್ನು ಎಲ್ಲರೂ ತುಳಸಿಯ ಮಹಿಮೆಗಾಗಿ ಓದುತ್ತಾರೆ. ನನ್ನ ಗಮನ ಅದರ ಜಾಗದ ಮೇಲೆ. ತುಳಸಿ ಹುಟ್ಟಿದ್ದು ಒಬ್ಬಳು ಹೆಣ್ಣುಮಗಳು ಸುಟ್ಟು ಬೂದಿಯಾದ ಸ್ಥಳದಲ್ಲಿ, ದೇವರು ಬಿಟ್ಟು ಹೋಗಲಾರದೆ ನಿಂತ ಸ್ಥಳದಲ್ಲಿ. ಎಂದಮೇಲೆ ಅಂಗಳದ ತುಳಸಿಕಟ್ಟೆಯಲ್ಲೇ ಸಾವಿನ ಗುರುತಿನ ಬೀಜ ಅಡಗಿತ್ತು. ಅದು ದೇಹ ಬಿಟ್ಟವರ ನೆಲೆಯ ಮೇಲೆ ಎದ್ದು ನಿಂತಾಗ ಶಬ್ದದ ಅರ್ಥವನ್ನು ಯಾರೂ ಬಲವಂತವಾಗಿ ತಿರುಚಬೇಕಾಗಿರಲಿಲ್ಲ.

ಸಂನ್ಯಾಸಿಯನ್ನು ಸುಡುವುದಿಲ್ಲ, ಭೂಸ್ಥಾಪನೆ ಮಾಡುತ್ತಾರೆ. ಅಗ್ನಿಯನ್ನು ತ್ಯಜಿಸಿದವನಿಗೆ ಚಿತೆಯಿಲ್ಲ. ಆ ನೆಲದ ಮೇಲೆ ಏನಿಡಬೇಕು ಎಂಬಲ್ಲಿ ಮತಗಳು ಬೇರೆಯಾಗುತ್ತವೆ. ಸ್ಮಾರ್ತ ಯತಿಗಳ ನೆಲೆಯ ಮೇಲೆ ಶಿವಲಿಂಗ ಸ್ಥಾಪಿಸುವುದುಂಟು. ಶೃಂಗೇರಿಯಲ್ಲಿ ವಿದ್ಯಾತೀರ್ಥರ ನೆಲೆಯ ಮೇಲೆ 14ನೆಯ ಶತಮಾನದ ವಿದ್ಯಾಶಂಕರ ದೇವಾಲಯವೇ ಎದ್ದಿದೆ. ಅಂಥ ನೆಲೆಯನ್ನು ಅವರು ಕರೆಯುವುದು ಅಧಿಷ್ಠಾನ ಎಂದು. ಇದು ಶಿಲ್ಪಿಯ ಅಧಿಷ್ಠಾನವೇ, ಮೇಲೆ ಒಂದು ನಿಲ್ಲಲೆಂದು ಇರುವ ತಳ. ಮಾಧ್ವರಲ್ಲಿ ಲಿಂಗದ ಜಾಗಕ್ಕೆ ತುಳಸಿ ಬಂತು, ಹೆಸರು ಬೃಂದಾವನವಾಯಿತು. ವೀರಶೈವರಲ್ಲಿ ಪೀಠವನ್ನು ವಸ್ತ್ರ ಹೊದಿಸಿ ಆಸನದಂತೆ ಇಟ್ಟರು, ಅದು ಗದ್ದುಗೆಯಾಯಿತು. ಅರಸನ ಗದ್ದುಗೆ, ಗುರುವಿನ ಗದ್ದುಗೆ ಎರಡೂ ಒಂದೇ ಶಬ್ದ. ಇನ್ನೂ ಹಿಂದಕ್ಕೆ ಹೋದರೆ ಜೈನರ ನಿಸಿಧಿಗಳು ಸಿಗುತ್ತವೆ. ಸಲ್ಲೇಖನದಿಂದ ದೇಹ ಬಿಟ್ಟವರ ಈ ಗುರುತುಗಳ ಸಾಲು ಶ್ರವಣಬೆಳಗೊಳದ ಶಾಸನಗಳಲ್ಲಿ 7ನೆಯ ಶತಮಾನದವರೆಗೆ ಹಿಂದೆ ಹೋಗುತ್ತದೆ. ನಿಷೀಧಿಕೆ ಎಂಬುದರ ಒಳಗಿರುವುದು ಕುಳಿತುಕೊಳ್ಳುವುದು ಎಂಬ ಅರ್ಥದ ಧಾತು. ಆದೋನಿಯ ಗಲ್ಲಿಗಳಲ್ಲಿ ದರ್ಗಾಗಳೂ ಇವೆ. ದರ್ಗಾ ಎಂದರೆ ಆಸ್ಥಾನ, ಹೊಸ್ತಿಲು; ಅಲ್ಲಿನ ಉತ್ತರಾಧಿಕಾರಿ ಗದ್ದಿಯ ಮೇಲೆ ಕೂರುವವನು. ಐದು ಮತ, ಐದು ಶಬ್ದ. ಒಂದರಲ್ಲೂ ಮರಣವಿಲ್ಲ, ಹೆಣವಿಲ್ಲ, ಗುಂಡಿಯಿಲ್ಲ. ಎಲ್ಲದರಲ್ಲೂ ಇರುವುದು ಕೂರುವ ಜಾಗ ಅಥವಾ ನಿಲ್ಲಿಸುವ ಜಾಗ. ದೂರದ ಹೋಲಿಕೆಯೊಂದು ಬೇಕೆನಿಸಿದರೆ ಬೌದ್ಧರ ಚೈತ್ಯವನ್ನು ನೋಡಬಹುದು. ಒಟ್ಟುವುದು, ಪೇರಿಸುವುದು ಎಂಬ ಒಂದೇ ಧಾತುವಿನಿಂದ ಚಿತೆಯೂ ಬಂತು, ಯಜ್ಞದ ಚಿತಿಯೂ ಬಂತು, ಪೂಜೆಗೊಳ್ಳುವ ಚೈತ್ಯವೂ ಬಂತು.

ಈಗ ಮಂತ್ರಾಲಯಕ್ಕೆ ಬರೋಣ. ಊರಿನ ಹಳೆಯ ಹೆಸರು ಮಂಚಾಲೆ, ಗ್ರಾಮದೇವತೆ ಮಂಚಾಲಮ್ಮ. ಇಂದಿಗೂ ಅವಳ ದರ್ಶನ ಮೊದಲು, ರಾಯರದು ಆಮೇಲೆ. ಬಿಜಾಪುರದ ಆದಿಲಶಾಹಿಗಳ ಪರವಾಗಿ ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಈ ಊರನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟನೆಂದು ಮಠದ ಪರಂಪರೆ ಹೇಳುತ್ತದೆ. 1671ರ ಶ್ರಾವಣ ಬಹುಳ ದ್ವಿತೀಯದಂದು ಸ್ವಾಮಿಗಳು ಸಶರೀರರಾಗಿ ಬೃಂದಾವನವನ್ನು ಪ್ರವೇಶಿಸಿದರು. ಕಟ್ಟಡದ ಹೊಣೆ ಹೊತ್ತವನು ಆದೋನಿಯ ದಿವಾನ ವೆಂಕಣ್ಣ. ಐತಿಹ್ಯದಲ್ಲಿ ಬರುವ ಕೆಲವು ವಿವರಗಳನ್ನು ಭಕ್ತರು ಪವಾಡಗಳಾಗಿ ಓದುತ್ತಾರೆ, ಚರಿತ್ರೆಕಾರರು ಬದಿಗಿಡುತ್ತಾರೆ. ನನಗೆ ಅವು ಮುಖ್ಯವಾದದ್ದು ಬೇರೊಂದು ಕಾರಣಕ್ಕೆ: ಒಂದು ವಸ್ತುವನ್ನು ಅದನ್ನು ಪೂಜಿಸುವ ಜನ ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂಬುದು ಅವರ ಕಥೆಯಲ್ಲಿಯೇ ತಿಳಿಯುತ್ತದೆ. ಬೃಂದಾವನದ ಕಲ್ಲು ಬಂದದ್ದು ಸಮೀಪದ ಮಾಧವರದಿಂದ, ಅದು ಹಿಂದೆ ಶ್ರೀರಾಮ ಕುಳಿತು ದಣಿವಾರಿಸಿಕೊಂಡ ಬಂಡೆ ಎನ್ನುತ್ತದೆ ಐತಿಹ್ಯ. ನೆಲವೋ, ಪ್ರಹ್ಲಾದ ಯಾಗ ಮಾಡಿದ ನೆಲ. ಅಂದರೆ ಕೆಳಗೆ ಯಜ್ಞದ ವೇದಿ, ಮೇಲೆ ಕುಳಿತೆದ್ದ ಆಸನದ ಕಲ್ಲು. ಪೀಠವಾಗುವ ಮೊದಲೂ ಆ ಕಲ್ಲು ಪೀಠವೇ ಆಗಿತ್ತು ಎಂದು ಜನರ ನೆನಪು ಒತ್ತಿ ಹೇಳುತ್ತಿದೆ.

ಇನ್ನೊಂದು ವಿವರ ಇದಕ್ಕಿಂತ ಬಲವಾದದ್ದು. ಸ್ವಾಮಿಗಳ ಜಪಮಾಲೆ ಕೈಯಿಂದ ಜಾರಿದ ಮೇಲೆ ಸುತ್ತಲೂ ಚಪ್ಪಡಿಗಳನ್ನು ಏರಿಸಿ, ತಾಮ್ರದ ಪೆಟ್ಟಿಗೆಯಲ್ಲಿ 1200 ಲಕ್ಷ್ಮೀನಾರಾಯಣ ಸಾಲಿಗ್ರಾಮಗಳನ್ನಿಟ್ಟು, ಮುಚ್ಚುಗಲ್ಲು ಹಾಕಿ ಮಣ್ಣು ತುಂಬಿದರೆಂದು ಸಂಪ್ರದಾಯ. ಸಾಲಿಗ್ರಾಮ, ಮಣ್ಣು, ಅದರ ಮೇಲೆ ತುಳಸಿಯ ನೆಲೆ. ಉತ್ಥಾನ ದ್ವಾದಶಿಯಂದು ತುಳಸಿಯ ಮದುವೆಯಾಗುವುದು ಸಾಲಿಗ್ರಾಮರೂಪಿ ವಿಷ್ಣುವಿನೊಡನೆ ಎಂಬುದನ್ನು ನೆನೆದರೆ, ಈ ರಚನೆ ಅಂಗಳದ ಬೃಂದಾವನದ್ದೇ ಎಂಬುದು ಹೊಳೆಯುತ್ತದೆ. ಹೊರಗಿನ ಆಕಾರವಷ್ಟೇ ಅಲ್ಲ, ಒಳಗೆ ತುಂಬಿದ ಕ್ರಮವೂ ಅಲ್ಲಿಂದ ಬಂದಿದೆ. ಸಂಖ್ಯೆಯನ್ನು ಒಪ್ಪದವರೂ ಕ್ರಮವನ್ನು ಗಮನಿಸಬೇಕು. ರಾಯರ ಬೃಂದಾವನದ ಪಕ್ಕದ ವಾದೀಂದ್ರತೀರ್ಥರ ಬೃಂದಾವನದ ಕಥೆಯೂ ಇಲ್ಲಿ ಉಪಯುಕ್ತ. ವೆಂಕಣ್ಣ ಮೊದಲು ಮಾಡಿಸಿದ ಬೃಂದಾವನ ಅದೇ, ಸ್ವಾಮಿಗಳು ಮಾಧವರದ ಕಲ್ಲನ್ನೇ ಬಯಸಿದ್ದರಿಂದ ಅದು ಹಾಗೇ ಉಳಿಯಿತು, ಮುಂದೆ 1750ರಲ್ಲಿ ವಾದೀಂದ್ರರಿಗೆ ಒದಗಿತು ಎನ್ನುತ್ತಾರೆ. ಎಂಟು ದಶಕಗಳ ಕಾಲ ಯಾರ ದೇಹವನ್ನೂ ಕಾಣದ ಒಂದು ಕಲ್ಲನ್ನು ಆ ಕಥೆ ಬೃಂದಾವನ ಎಂದೇ ಕರೆಯುತ್ತದೆ. ಸಮಾಧಿಯಾದ್ದರಿಂದ ಅದು ಬೃಂದಾವನವಾಗಲಿಲ್ಲ. ಬೃಂದಾವನವಾಗಿದ್ದ ಕಲ್ಲು ಸಮಾಧಿಯಾಯಿತು.

ಕೃಷ್ಣನ ವೃಂದಾವನದ ಪಕ್ಷವನ್ನು ಈಗ ನ್ಯಾಯವಾಗಿ ಎದುರಿಸಬೇಕು. ಅದರ ಅತ್ಯಂತ ಬಲವಾದ ಆಧಾರ ಪ್ರವೇಶ ಎಂಬ ಕ್ರಿಯಾಪದ. ತೋಪನ್ನು ಪ್ರವೇಶಿಸಬಹುದು, ಪೀಠವನ್ನು ಪ್ರವೇಶಿಸುವುದೆಂದರೇನು? ಉಡುಪಿಯ ಕೃಷ್ಣನಿಗೆ ಸಮರ್ಪಿತವಾದ ಪರಂಪರೆಯಲ್ಲಿ ಯತಿ ದೇಹ ಬಿಟ್ಟಾಗ ಕೃಷ್ಣನ ಕಾಡಿಗೆ ಹೋದ ಎನ್ನುವುದು ಎಷ್ಟು ಚೆಂದದ ಕಲ್ಪನೆ! ಇದನ್ನು ನಾನು ಅಲ್ಲಗಳೆಯುವುದಿಲ್ಲ, ಭಕ್ತರ ಮನಸ್ಸಿನಲ್ಲಿ ಆ ಧ್ವನಿ ಇದ್ದೇ ಇದೆ. ಆದರೆ ಶಬ್ದಕ್ಕೆ ಅಂಟಿಕೊಂಡ ವಿಶೇಷಣಗಳನ್ನು ಗಮನಿಸಿ: ನವಬೃಂದಾವನ, ಪಂಚಬೃಂದಾವನ, ಏಕಶಿಲಾ ಬೃಂದಾವನ, ಮೃತ್ತಿಕಾ ಬೃಂದಾವನ. ಕಾಡನ್ನು ಯಾರೂ ಒಂದು, ಐದು, ಒಂಬತ್ತು ಎಂದು ಒಂದೇ ಅಂಗಳದಲ್ಲಿ ಎಣಿಸುವುದಿಲ್ಲ. ಒಂದೇ ಕಲ್ಲಿನಲ್ಲಿ ಕಡೆದ ಕಾಡು ಎಂಬ ಮಾತಿಗೆ ಅರ್ಥವಿಲ್ಲ. ಒಂದೇ ಕಲ್ಲಿನಲ್ಲಿ ಕಡೆದ ಪೀಠಕ್ಕೆ ಇದೆ. ಪ್ರವೇಶ ಎಂಬ ಮಾತು ವಾದಿರಾಜರು, ರಾಘವೇಂದ್ರರಂತೆ ಜೀವಂತರಾಗಿ ಒಳಗೆ ಕುಳಿತರೆನ್ನುವವರ ವಿಷಯದಲ್ಲಿ ಅಕ್ಷರಶಃ ಹೊಂದುತ್ತದೆ. ಉಳಿದ ಯತಿಗಳನ್ನು ಕುರಿತು ಬೃಂದಾವನಸ್ಥರಾದರು ಎನ್ನುವುದು ರೂಢಿ, ಅಂದರೆ ಬೃಂದಾವನದಲ್ಲಿ ನೆಲೆನಿಂತರು. ಇನ್ನೂ ಒಂದು ಮಾತು. ಮಂತ್ರಾಲಯ ಮಠದ ಆರಾಧ್ಯದೈವ ಮೂಲರಾಮ. ಸೋದೆಯ ವಾದಿರಾಜರ ಉಪಾಸ್ಯ ಹಯಗ್ರೀವ. ದೈವ ಬದಲಾದರೂ ಬೃಂದಾವನ ಎಂಬ ಹೆಸರು ಬದಲಾಗಲಿಲ್ಲ, ಏಕೆಂದರೆ ಎಲ್ಲ ರೂಪದ ವಿಷ್ಣುವಿಗೂ ತುಳಸಿ ಬೇಕು. ಹೆಸರು ಗಿಡವನ್ನು ಹಿಡಿದಿದೆ, ಗೋಕುಲವನ್ನಲ್ಲ.

ಗೌರವದ ಮಾತು ಎಂಬ ಎರಡನೆಯ ಪಕ್ಷಕ್ಕೂ ಇಂಥದೇ ಉತ್ತರ. ಸಾವನ್ನು ನೇರವಾಗಿ ಹೇಳದಿರುವುದು ಎಲ್ಲ ಭಾಷೆಗಳ ಸ್ವಭಾವ, ಸಮಾಧಿ ಎಂಬುದೇ ಮೂಲದಲ್ಲಿ ಚಿತ್ತದ ಒಂದು ಸ್ಥಿತಿಯ ಹೆಸರು. ಆದರೆ ಮರೆಮಾತು ಯಾವುದನ್ನು ಆರಿಸಿಕೊಳ್ಳುತ್ತದೆ ಎಂಬುದು ಆಕಸ್ಮಿಕವಲ್ಲ. ಬರಿಯ ಮರೆಮಾತಾಗಿದ್ದರೆ ಅದು ದೇಹವಿರುವ ಸ್ಥಳಕ್ಕೆ ಮಾತ್ರ ಸಲ್ಲಬೇಕಿತ್ತು. ಮೃತ್ತಿಕಾ ಬೃಂದಾವನಗಳು ಈ ಲೆಕ್ಕವನ್ನು ತಲೆಕೆಳಗು ಮಾಡುತ್ತವೆ. ಮಂತ್ರಾಲಯದ ಮೂಲಬೃಂದಾವನದಿಂದ ಹಿಡಿ ಮಣ್ಣು ತಂದು ಊರೂರಲ್ಲಿ ಸ್ಥಾಪಿಸಿದ ಈ ಪೀಠಗಳಲ್ಲಿ ದೇಹವಿಲ್ಲ, ಮರಣದ ಸ್ಥಳವೂ ಅದಲ್ಲ. ಆದರೂ ಅವು ಪೂರ್ಣಾರ್ಥದ ಬೃಂದಾವನಗಳು, ಹಸ್ತೋದಕ, ಅಲಂಕಾರ, ಪ್ರದಕ್ಷಿಣೆ ಎಲ್ಲ ಅಲ್ಲಿಯೂ ಸಲ್ಲುತ್ತವೆ. ಸೋದೆಯಲ್ಲಿ ಒಬ್ಬ ವಾದಿರಾಜರಿಗೆ ಐದು ಬೃಂದಾವನಗಳಿವೆ. ಬೇಕಾದದ್ದು ಆಕಾರ ಮತ್ತು ಅದರೊಳಗಿನ ಮಣ್ಣು. ತುಳಸಿಯನ್ನೂ ಜನ ಹೀಗೆಯೇ ಹರಡಿದ್ದಾರೆ ಎಂಬುದನ್ನು ಮರೆಯಬಾರದು: ಒಂದು ಮನೆಯ ಕಟ್ಟೆಯಿಂದ ಬೇರಿನ ಮಣ್ಣಿನ ಸಮೇತ ಸಸಿ ಕಿತ್ತು ಇನ್ನೊಂದು ಮನೆಯ ಕಟ್ಟೆಯಲ್ಲಿ ನೆಡುತ್ತಾರೆ. ಬೃಂದಾವನದಿಂದ ಬೃಂದಾವನ ಹುಟ್ಟುವ ಬಗೆ ಎರಡೂ ಕಡೆ ಒಂದೇ.

ಆನೆಗೊಂದಿಯ ನಡುಗಡ್ಡೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅಲ್ಲಿ ಪದ್ಮನಾಭತೀರ್ಥರು 1324ರಲ್ಲಿ, ವ್ಯಾಸರಾಜರು 1539ರಲ್ಲಿ, ರಾಘವೇಂದ್ರರ ಗುರು ಸುಧೀಂದ್ರರು 1623ರಲ್ಲಿ ನೆಲೆಯಾದರು. ಈ ವರ್ಷಗಳು ಯತಿಗಳವು. ಹೆಸರಿನದೂ ಕಟ್ಟಡದ ಇಂದಿನ ರೂಪದ್ದೂ ಅದೇ ವರ್ಷ ಎಂದು ಹಿಡಿಯುವುದು ತಪ್ಪು. ಮಧ್ವಾಚಾರ್ಯರು 1317ರಲ್ಲಿ ಬದರಿಗೆ ತೆರಳಿದರೆಂಬ ನಂಬಿಕೆಯಿಂದಾಗಿ ಅವರಿಗೆ ಬೃಂದಾವನವೇ ಇಲ್ಲ. ಹಾಗಾಗಿ ಈ ಸಂಪ್ರದಾಯ ಮೂಲಪುರುಷನಿಂದ ಬಂದದ್ದಲ್ಲ, ಶಿಷ್ಯರ ತಲೆಮಾರುಗಳಲ್ಲಿ ರೂಪುಗೊಂಡದ್ದು. ವಿಜಯನಗರದ ಶಿಲ್ಪಿಗಳ ಕೈಗೆ ಸಿಕ್ಕಾಗ ಪೀಠ ಮೈತುಂಬ ಕೆತ್ತನೆ ಹೊತ್ತಿತು. 2019ರ ಜುಲೈನಲ್ಲಿ ನಿಧಿಗಳ್ಳರು ವ್ಯಾಸರಾಜರ ಬೃಂದಾವನವನ್ನು ಕೆಡವಿ ಹಾಕಿದರು, ಭಕ್ತರು ತಡಮಾಡದೆ ಅದನ್ನು ಮತ್ತೆ ನಿಲ್ಲಿಸಿದರು. ಆ ನೋವಿನ ಪ್ರಸಂಗ ಒಂದನ್ನು ಕಣ್ಣಿಗೆ ತೋರಿಸಿತು: ಇದು ದೇಗುಲದ ಅಧಿಷ್ಠಾನದಂತೆಯೇ ಥರದ ಮೇಲೆ ಥರ ಕೂರಿಸಿದ ಕಟ್ಟಡ, ಜೋಡಿಸಿದರೆ ಮತ್ತೆ ಎದ್ದು ನಿಲ್ಲುತ್ತದೆ, ಎದ್ದು ನಿಂತ ಕೂಡಲೇ ಹೆಸರು ಮರಳುತ್ತದೆ.

ಹೊಸಗಾಲದಲ್ಲಿ ಶಬ್ದ ಮತ್ತೆ ತೋಟದ ಕಡೆಗೆ ವಾಲಿದೆ. ಕೃಷ್ಣರಾಜಸಾಗರದ ಕೆಳಗೆ ಮಿರ್ಜಾ ಇಸ್ಮಾಯಿಲ್ ರೂಪಿಸಿದ ಉದ್ಯಾನಕ್ಕೆ ಬೃಂದಾವನ ಎಂದು ಹೆಸರಾದ ಮೇಲೆ, ಕಾರಂಜಿಗಳನ್ನು ನೋಡಿ ಬಂದ ಕನ್ನಡಿಗನಿಗೆ ಈ ಶಬ್ದದ ಮೊದಲ ಅರ್ಥ ಉದ್ಯಾನ, ಎರಡನೆಯದು ರಾಯರ ಮಠ. ಅಂಗಳದ ಕಟ್ಟೆ ಮೂರನೆಯದಾಗಿ ಹಿಂದೆ ಸರಿದಿದೆ. ಅಂಗಳವೇ ಇಲ್ಲದ ಮನೆಗಳಲ್ಲಿ ತುಳಸಿ ಕುಂಡಕ್ಕೆ ಇಳಿದಿದೆ. ಇಂದು ಕುಳಿತು ಯೋಚಿಸುವವನಿಗೆ ತೋಟದಿಂದ ನೇರವಾಗಿ ಸಮಾಧಿಗೆ ಜಿಗಿಯಬೇಕೆನಿಸುವುದು ಇದರಿಂದಲೇ, ನಡುವಿನ ಮೆಟ್ಟಿಲು ಕಣ್ಮರೆಯಾಗುತ್ತಿದೆ. ಯತಿಬೃಂದಾವನಗಳಲ್ಲೂ ನೆತ್ತಿಯ ಮೇಲೆ ಬೇರುಬಿಟ್ಟ ತುಳಸಿಯ ಬದಲು ಅರ್ಚಕರು ಏರಿಸಿದ ತುಳಸಿಮಾಲೆ ಇರುತ್ತದೆ, ಅದರ ಮೇಲೆ ಬೆಳ್ಳಿ ಬಂಗಾರದ ಕವಚ. ಆ ಮಾಲೆಯನ್ನು ಬರಿಯ ಅಲಂಕಾರ ಎನ್ನಲು ನನಗೆ ಮನಸ್ಸಿಲ್ಲ. ಗಿಡ ನಿಲ್ಲಬೇಕಾದ ಜಾಗವನ್ನು ಅದು ಪ್ರತಿದಿನ ಹೊಸದಾಗಿ ತುಂಬುತ್ತಿದೆ.

ಆ ನಡುವಿನ ಮೆಟ್ಟಿಲನ್ನು ಇಂದಿಗೂ ಕಾಣಬೇಕೆನ್ನುವವರು ಹೊಳೆಯ ಆಚೆಗಿನ ರಾಯಚೂರು ಸೀಮೆಯ ಬಿಚ್ಚಾಲಿಗೆ ಹೋಗಬೇಕು. ರಾಘವೇಂದ್ರರ ಪ್ರಿಯಶಿಷ್ಯ ಅಪ್ಪಣ್ಣಾಚಾರ್ಯರ ಊರು ಅದು. ಸ್ವಾಮಿಗಳು ಅಲ್ಲಿ ಅಶ್ವತ್ಥದ ಕೆಳಗೆ ಕುಳಿತು ಜಪ ಮಾಡುತ್ತಿದ್ದ ಜಾಗವನ್ನು ಜನ ಜಪದಕಟ್ಟೆ ಎನ್ನುತ್ತಾರೆ. ಊರಿನ ಹೆಸರೇ ಬಿಚ್ಚಾಲಿ ಜಪದಕಟ್ಟೆ ಎಂದಾಗಿದೆ. ಅಪ್ಪಣ್ಣಾಚಾರ್ಯರು ಸ್ಥಾಪಿಸಿದರೆನ್ನುವ ಏಕಶಿಲಾ ಬೃಂದಾವನ ಇರುವುದೂ ಅಲ್ಲಿಯೇ. ಗುರು ಕುಳಿತಿದ್ದಾಗ ಕಟ್ಟೆ, ಗುರು ಎದ್ದುಹೋದ ಮೇಲೆ ಅದೇ ಕಟ್ಟೆಯ ಮೇಲೆ ಬೃಂದಾವನ. ಹೊಳೆಯ ಈಚೆ ದಂಡೆಯಿಂದ ಬರುವ ತೆಲುಗಿನ ಭಕ್ತನಿಗೆ ಕಟ್ಟೆ ಎಂದರೆ ತನ್ನ ಭಾಷೆಯಲ್ಲಿ ಸೌದೆಯ ತುಂಡು. ಅವನೂ ಇಲ್ಲಿಗೆ ಬಂದಾಗ ಜಪದಕಟ್ಟೆ ಎಂದೇ ಹೇಳುತ್ತಾನೆ, ಮೂರು ಸುತ್ತು ಬಂದು ಬೃಂದಾವನದ ಬುಡದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾನೆ.